ಐವತ್ತಮೂರನೆಯ ಸೀಸೆ

ನನ್ನ ಅಜ್ಜಿಯ ತಂದೆ ಹಳೆಯ ಮೈಸೂರು ಸಂಸ್ಥಾನದ ಒಂದು ಸಣ್ಣ ಹಳ್ಳಿಯಲ್ಲಿ ಉಪಾಧ್ಯಾಯರಾಗಿದ್ದವರು. ಅವರು ಬಿಟ್ಟುಹೋದ ವಸ್ತುಗಳಲ್ಲಿ ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡು ಕೈಯಾರೆ ಮುಟ್ಟಿದ್ದು ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಲೆಕ್ಕದ ಪುಸ್ತಕವನ್ನು ಮಾತ್ರ. ಅದರ ಮೊದಲರ್ಧದಲ್ಲಿ ರಾಗಿ, ಹುರುಳಿ, ಕೊಟ್ಟ ಸಾಲ, ಬರಬೇಕಾದ ಬಡ್ಡಿ ಇವುಗಳ ವಿವರ. ಉತ್ತರಾರ್ಧದಲ್ಲಿ ಊರಿಗೆ ಪ್ಲೇಗು ಬಂದ ಒಂದು ವರ್ಷದ ಲೆಕ್ಕ. ಪುಟಕ್ಕೆ ಉದ್ದುದ್ದವಾಗಿ ಗೆರೆ ಎಳೆದು ನಾಲ್ಕು ಭಾಗ ಮಾಡಿ, ಮೊದಲನೆಯದರಲ್ಲಿ ಹೆಸರು, ಎರಡನೆಯದರಲ್ಲಿ ಸೂಜಿಮದ್ದು ಹಾಕಿಸಿಕೊಂಡರೋ ಇಲ್ಲವೋ ಎಂಬುದು, ಮೂರನೆಯದರಲ್ಲಿ ಗಡ್ಡೆ ಕಾಣಿಸಿಕೊಂಡ ದಿನ, ನಾಲ್ಕನೆಯದರಲ್ಲಿ ಮುಂದೇನಾಯಿತು ಎಂಬುದನ್ನು ಬರೆದಿದ್ದರು. ನಾಲ್ಕನೆಯ ಭಾಗದಲ್ಲಿ ಇದ್ದುದು ಎರಡೇ ಪದಗಳು: 'ಸುಖ' ಮತ್ತು 'ತೀರಿದರು.'

ಅಜ್ಜಿ ಆ ವರ್ಷದ ಕಥೆಯನ್ನು ಹೇಳುತ್ತಿದ್ದುದುಂಟು. ಮೊದಲು ಅಟ್ಟದಿಂದ ಇಲಿಗಳು ಬಿದ್ದವು. ಜನ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ತಾಲ್ಲೂಕಿನಿಂದ ಸೂಜಿಯ ಪೆಟ್ಟಿಗೆಯೊಡನೆ ಡಾಕ್ಟರು ಬಂದಾಗ ಒಬ್ಬರೂ ತೋಳು ನೀಡಲಿಲ್ಲ. ಆಗ ಮೇಷ್ಟ್ರು ತಮ್ಮ ತೋಳನ್ನು ಒಡ್ಡಿ, ಅನಂತರ ಚಿಕ್ಕ ಹುಡುಗಿಯಾಗಿದ್ದ ಅಜ್ಜಿಯ ತೋಳನ್ನು ಒಡ್ಡಿಸಿ, ಗುಡಿಸಲಿಂದ ಗುಡಿಸಲಿಗೆ ನಡೆದು ಜನರನ್ನು ಒಡಂಬಡಿಸಿದರು. ಹಾಗೆ ಒಡಂಬಟ್ಟವರಲ್ಲಿ ಕುಂಬಾರರ ಮನೆಯ ಒಬ್ಬನೇ ಮಗನೂ ಒಬ್ಬ. ಸೂಜಿ ಹಾಕಿಸಿಕೊಂಡ ಐದನೆಯ ದಿನ ಆ ಹುಡುಗನಿಗೆ ತೊಡೆಸಂದಿಯಲ್ಲಿ ಗಡ್ಡೆ ಎದ್ದಿತು. ಎರಡು ದಿನಗಳಲ್ಲಿ ತೀರಿಕೊಂಡ. ಅವನ ತಾಯಿ ಮೇಷ್ಟ್ರ ಗುಡಿಸಲಿನ ಮುಂದೆ ನಿಂತು ಮಣ್ಣು ತೂರಿ, "ನಿಮ್ಮ ಮಾತು ಕೇಳಿ ಮಗನ ತೋಳು ಕೊಟ್ಟೆ ಮೇಷ್ಟ್ರೇ, ಮಗನನ್ನೇ ಕಳಕೊಂಡೆ" ಎಂದು ಗೋಳಾಡಿದಳಂತೆ. ಅವರು ಮರುಮಾತಾಡಲಿಲ್ಲ. ಆ ರಾತ್ರಿ ಬುಡ್ಡಿಯ ಬೆಳಕಿನಲ್ಲಿ ಪುಸ್ತಕ ತೆರೆದು ಹುಡುಗನ ಹೆಸರನ್ನು ಬರೆಯತೊಡಗಿದಾಗ ಮನೆಯಾಕೆ, "ಇದೊಂದನ್ನು ಬರೆಯಬೇಡಿ, ನೀವೇ ಕೊಂದಿರಿ ಎನ್ನುವುದಕ್ಕೆ ನೀವೇ ಸಾಕ್ಷಿ ಬರೆದುಕೊಟ್ಟಂತಾಗುತ್ತದೆ" ಎಂದರಂತೆ. "ಇದನ್ನು ಬಿಟ್ಟರೆ ಮಿಕ್ಕ ಲೆಕ್ಕವನ್ನು ಯಾರು ನಂಬುತ್ತಾರೆ?" ಎಂದು ಕೇಳಿ ಅವರು ಬರೆದು ಮುಗಿಸಿದರಂತೆ.

ಸಾಹಿತ್ಯದ ಅಧ್ಯಾಪಕನಾಗಿ ನಾನು ಪ್ಲೇಗನ್ನು ಪುಸ್ತಕಗಳಲ್ಲಿ ಅನೇಕ ಸಲ ಎದುರುಗೊಂಡಿದ್ದೇನೆ. 'ಸಂಸ್ಕಾರ'ದ ಅಗ್ರಹಾರದಲ್ಲಿ ಸಾಯುವ ಇಲಿಗಳನ್ನೂ 'ಗೃಹಭಂಗ'ದ ನಂಜಮ್ಮನ ಮನೆಯನ್ನು ಬರಿದು ಮಾಡಿದ ಮಾರಿಯನ್ನೂ ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೇನೆ. ಆದರೆ ಅಜ್ಜಿಯ ತೋಳಿಗೆ ಚುಚ್ಚಿದ ಆ ಮದ್ದು ಎಲ್ಲಿಂದ ಬಂತು, ಅದನ್ನು ಕಂಡುಹಿಡಿದವನ ಪಾಡು ಏನಾಯಿತು ಎಂದು ವಿಚಾರಿಸಿದ್ದು ನಿವೃತ್ತನಾದ ಮೇಲೆ. ವಿಚಾರಿಸಿದಾಗ, ನಮ್ಮ ಹಳ್ಳಿಯ ಗುಡಿಸಲಿನ ಮುಂದೆ ನಡೆದದ್ದೇ ಬಹು ದೊಡ್ಡ ರಂಗದ ಮೇಲೆ ಮೊದಲೇ ಒಮ್ಮೆ ನಡೆದಿತ್ತೆಂದು ತಿಳಿದು ಬೆರಗಾದೆ. ರೋಗವು ರಾಜಕೀಯದ ವಸ್ತುವಾದಾಗ ವೈದ್ಯಶಾಸ್ತ್ರದ ಸಂಶೋಧಕನು ಎಲ್ಲಿ ನಿಲ್ಲಬೇಕು? ಸರ್ಕಾರದ ಪಕ್ಕದಲ್ಲಿಯೋ, ಸಂಶಯಪಡುವ ಜನರ ಪಕ್ಕದಲ್ಲಿಯೋ, ಅಥವಾ ಪ್ರಯೋಗಶಾಲೆಯ ಬಾಗಿಲಿಕ್ಕಿಕೊಂಡು ಒಳಗೆಯೋ? ಈ ಪ್ರಶ್ನೆಗೆ ಆ ಕಥೆ ಒಂದು ಉತ್ತರವನ್ನು ಕೊಡುತ್ತದೆಯೆಂದು ನನ್ನ ನಂಬಿಕೆ.

*

೧೮೯೬ನೆಯ ಇಸವಿಯಲ್ಲಿ ಮುಂಬಯಿಯ ಬಂದರಿಗೆ ಸಮೀಪದ ಮಾಂಡವಿ ಪೇಟೆಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದಕ್ಕೆ ಎರಡು ವರ್ಷಗಳ ಹಿಂದೆಯಷ್ಟೇ ಹಾಂಗ್‌ಕಾಂಗಿನಲ್ಲಿ ಅಲೆಗ್ಸಾಂಡರ್ ಯೆರ್ಸಿನ್ ಆ ರೋಗದ ಅಣುಜೀವಿಯನ್ನು ಗುರುತಿಸಿದ್ದರು. ರೋಗಾಣುವೇನೋ ಗೊತ್ತಾಗಿತ್ತು, ಅದು ಮನುಷ್ಯನ ಮೈಗೆ ಬರುವ ದಾರಿ ಗೊತ್ತಾಗಿರಲಿಲ್ಲ. ಇಲಿಯ ಮೈಮೇಲಿನ ಚಿಗಟವೇ ಅದರ ವಾಹಕವೆಂದು ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯರು ೧೮೯೮ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದರು. ವಿದ್ವಲ್ಲೋಕ ಅದನ್ನು ಒಪ್ಪಿಕೊಳ್ಳಲು ಮತ್ತೆ ಕೆಲವು ವರ್ಷಗಳು ಹಿಡಿದವು.

ತಿಳಿವಳಿಕೆ ಅರೆಬರೆಯಾಗಿದ್ದರೂ ಅಧಿಕಾರ ಪೂರ್ಣವಾಗಿತ್ತು. ೧೮೯೭ರ ಆರಂಭದಲ್ಲಿ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ, ಮನೆ ಶೋಧಿಸುವ, ರೈಲಿನ ಪ್ರಯಾಣಿಕರನ್ನು ತಡೆದು ಪರೀಕ್ಷಿಸುವ, ರೋಗಿಗಳನ್ನೂ ಅವರ ಮನೆಯವರನ್ನೂ ಬೇರೆ ಬೇರೆ ಶಿಬಿರಗಳಿಗೆ ಸಾಗಿಸುವ ಕ್ರಮಗಳಿಗೆ ಬೆಂಬಲವಾಯಿತು. ಪುಣೆಯಲ್ಲಿ ಈ ಕೆಲಸಕ್ಕೆ ಸೈನಿಕರನ್ನು ಬಳಸಿದರು. ಅವರು ಅಡಿಗೆಮನೆ, ದೇವರಮನೆಗಳನ್ನು ಹೊಕ್ಕರು; ಮನೆಯೊಳಗಿನ ಸಾಮಾನುಗಳು ಬೀದಿಗೆ ಬಂದವು. ಲೋಕಮಾನ್ಯ ತಿಲಕರು ತಮ್ಮ ಪತ್ರಿಕೆಯಲ್ಲಿ ಇದನ್ನು ಉಗ್ರವಾಗಿ ಖಂಡಿಸಿದರು. ಅವರೇನೂ ವೈದ್ಯಕ್ಕೆ ವಿರೋಧಿಗಳಾಗಿರಲಿಲ್ಲ; ಊರು ಬಿಟ್ಟು ಓಡದೆ ಅಲ್ಲಿಯೇ ನಿಂತು ರೋಗಿಗಳಿಗಾಗಿ ಆಸ್ಪತ್ರೆ ನಡೆಸುವುದರಲ್ಲಿ ಮುಂದಾದವರು. ೧೮೯೭ರ ಜೂನ್ ೨೨ರ ರಾತ್ರಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ವಜ್ರಮಹೋತ್ಸವದ ಸಮಾರಂಭದಿಂದ ಹಿಂದಿರುಗುತ್ತಿದ್ದ ಪ್ಲೇಗ್ ಅಧಿಕಾರಿ ರ‍್ಯಾಂಡನನ್ನು ಚಾಪೇಕರ್ ಸಹೋದರರು ಗುಂಡಿಟ್ಟು ಹೊಡೆದರು. ಸ್ವಲ್ಪ ಕಾಲದಲ್ಲಿಯೇ ತಿಲಕರ ಮೇಲೆ ರಾಜದ್ರೋಹದ ಆಪಾದನೆ ಬಂದು ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಪ್ಲೇಗು ಇನ್ನು ಬರಿಯ ಪ್ಲೇಗಾಗಿ ಉಳಿಯಲಿಲ್ಲ. ಆಸ್ಪತ್ರೆಯ ಗಾಡಿ, ವೈದ್ಯನ ಚೀಲ, ಸೂಜಿ ಇವೆಲ್ಲವೂ ಜನರ ಕಣ್ಣಿಗೆ ಆಳುವವರ ಆಯುಧಗಳಾಗಿ ಕಂಡವು. ಹಾಗೆ ಕಂಡುದಕ್ಕೆ ಕಾರಣ ಅಜ್ಞಾನವೊಂದೇ ಎನ್ನುವವರು ಪುಣೆಯ ಬೀದಿಗಳಲ್ಲಿ ನಡೆದುದನ್ನು ಮರೆತವರು.

ಇಂಥ ಹೊತ್ತಿನಲ್ಲಿ ಮುಂಬಯಿಯಲ್ಲಿ ಸೂಜಿಮದ್ದನ್ನು ಸಿದ್ಧಪಡಿಸಿದವರು ವಾಲ್ಡೆಮಾರ್ ಹಾಫ್‌ಕಿನ್. ೧೮೬೦ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದ ಯೆಹೂದಿ. ಪ್ರಾಣಿಶಾಸ್ತ್ರ ಓದಿದವರೇ ಹೊರತು ವೈದ್ಯ ಪದವೀಧರರಲ್ಲ. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿ, ೧೮೯೨ರಲ್ಲಿ ಕಾಲರಾ ಲಸಿಕೆಯನ್ನು ಮೊದಲು ತಮ್ಮ ಮೈಮೇಲೆಯೇ ಪ್ರಯೋಗಿಸಿ, ಮರುವರ್ಷ ಇಂಡಿಯಾಕ್ಕೆ ಬಂದಿದ್ದರು. ಯುರೋಪಿನವರಾದರೂ ಇಂಗ್ಲಿಷರಲ್ಲ, ರಷ್ಯದಿಂದ ಬಂದವರೆಂದು ಗೂಢಚಾರರಿರಬಹುದೆಂಬ ಗುಮಾನಿ ಬೇರೆ. ಆಳುವವರಿಗೂ ಅವರು ಹೊರಗಿನವರು, ಆಳಿಸಿಕೊಳ್ಳುವವರಿಗೂ ಹೊರಗಿನವರು.

ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆಯಲ್ಲಿ, ಕೈಬೆರಳಲ್ಲಿ ಎಣಿಸಬಹುದಾದಷ್ಟು ಸಹಾಯಕರನ್ನಿಟ್ಟುಕೊಂಡು ಅವರು ಕೆಲಸ ಹೂಡಿದರು. ಆಡಿನ ಮಾಂಸದ ಸಾರಿನಲ್ಲಿ ರೋಗಾಣುಗಳನ್ನು ಬೆಳೆಸಿ, ಅದರ ಮೇಲೆ ನಮ್ಮ ಅಡಿಗೆಮನೆಗಳ ತುಪ್ಪದ ಹನಿಗಳನ್ನು ತೇಲಿಬಿಟ್ಟರು. ಆ ತುಪ್ಪದಿಂದ ರೋಗಾಣುಗಳು ಬಿಳಲುಗಳಂತೆ ಕೆಳಕ್ಕೆ ಇಳಿಬಿದ್ದು ಹುಲುಸಾಗಿ ಬೆಳೆದವು. ಅವುಗಳನ್ನು ಕಾಯಿಸಿ ಕೊಂದು ಮಾಡಿದ ಮದ್ದನ್ನು ೧೮೯೭ರ ಜನವರಿ ೧೦ರಂದು, ಸಾಮಾನ್ಯರಿಗೆ ಅನಂತರ ಕೊಟ್ಟುದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ, ತಮ್ಮ ಮೈಗೆ ಚುಚ್ಚಿಸಿಕೊಂಡರು. ಆ ತಿಂಗಳ ಕೊನೆಯಲ್ಲಿ ಬೈಕುಲಾ ಸೆರೆಮನೆಯಲ್ಲಿ ಪ್ಲೇಗು ಹೊಕ್ಕಾಗ, ಮುಂದೆ ಬಂದ ಸುಮಾರು ಅರ್ಧದಷ್ಟು ಕೈದಿಗಳಿಗೆ ಮದ್ದು ಹಾಕಿದರು. ಹಾಕಿಸಿಕೊಳ್ಳದವರಲ್ಲಿ ೧೨ ಮಂದಿಗೆ ರೋಗ ತಗುಲಿ ೬ ಮಂದಿ ಸತ್ತರು. ಹಾಕಿಸಿಕೊಂಡವರಲ್ಲಿ, ಮದ್ದು ಹಾಕಿದ ದಿನವೇ ಕಾಯಿಲೆ ಬಿದ್ದವರನ್ನು ಬಿಟ್ಟರೆ, ಇಬ್ಬರಿಗೆ ರೋಗ ಬಂದಿತು, ಇಬ್ಬರೂ ಬದುಕಿದರು.

ಈ ಲೆಕ್ಕವನ್ನು ಓದುವಾಗ ನನಗೆ ಸಂತೋಷವೂ ಸಂಕೋಚವೂ ಒಟ್ಟಿಗೆ ಆಗುತ್ತವೆ. ಬೀಗ ಹಾಕಿದ ಬಾಗಿಲಿನ ಒಳಗಿರುವವನು 'ನಾನಾಗಿ ಒಪ್ಪಿದೆ' ಎಂದರೆ ಆ ಒಪ್ಪಿಗೆಗೆ ಎಷ್ಟು ಬೆಲೆ? ಹಾಫ್‌ಕಿನ್ನರು ಬಲಾತ್ಕಾರವನ್ನು ಇಚ್ಛಿಸಿದವರಲ್ಲ. ಮದ್ದನ್ನು ಒಪ್ಪಿದವರಿಗೇ ಹಾಕಬೇಕೆಂಬುದು ಅವರ ಪದ್ಧತಿ. ಆದರೆ ಅವರ ಮದ್ದು ಹೋದ ಕಡೆಗೆಲ್ಲ ಸರ್ಕಾರದ ನೆರಳೂ ಹೋಗುತ್ತಿತ್ತು. ಸೂಜಿ ಹಾಕಿಸಿಕೊಂಡರೆ ಶಿಬಿರವಾಸದ ನಿಯಮಗಳಿಂದ ವಿನಾಯಿತಿ ಎಂಬ ಆಸೆಯನ್ನು ಕೆಲವು ಕಡೆ ಒಡ್ಡಿದಾಗ, ಜನ ಒಪ್ಪಿದ್ದು ಮದ್ದನ್ನೋ ವಿನಾಯಿತಿಯನ್ನೋ ಹೇಳುವುದು ಕಷ್ಟ. ಜನರ ನಂಬಿಕೆಯನ್ನು ಗಳಿಸಿಕೊಟ್ಟ ಬೇರೆ ದಾರಿಗಳೂ ಇದ್ದವು. ಆಗಿನ್ನೂ ಇಪ್ಪತ್ತರ ತರುಣರಾಗಿದ್ದ ಆಗಾ ಖಾನರು ಎಲ್ಲರ ಎದುರಿಗೆ ತಾವೇ ಸೂಜಿ ಹಾಕಿಸಿಕೊಂಡು ತಮ್ಮ ಅನುಯಾಯಿಗಳ ಭಯವನ್ನು ಬಿಡಿಸಿದರು. ನಮ್ಮ ಹುಬ್ಬಳ್ಳಿಯಲ್ಲಿ ೧೮೯೮ರಲ್ಲಿ ಸಾವಿರಾರು ಮಂದಿ ಈ ಮದ್ದನ್ನು ಹಾಕಿಸಿಕೊಂಡರು. ಅದೇ ವರ್ಷದ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿತು. ಇಕ್ಕಟ್ಟಿನ ಪೇಟೆಯಿಂದ ಜನ ಹೊರಬಿದ್ದು ಬಸವನಗುಡಿ, ಮಲ್ಲೇಶ್ವರಗಳ ಕಡೆ ಊರು ಹರಡಿದ್ದೂ, ಊರೂರುಗಳಲ್ಲಿ ಪ್ಲೇಗಿನಮ್ಮನ ಗುಡಿಗಳು ಎದ್ದದ್ದೂ ಆ ಭಯದ ಕಾಲದಲ್ಲಿಯೇ. ೧೮೯೯ರಲ್ಲಿ ಹಾಫ್‌ಕಿನ್ನರ ಪ್ರಯೋಗಶಾಲೆ ಮುಂಬಯಿಯ ಪರೇಲಿನಲ್ಲಿದ್ದ ಹಳೆಯ ಗವರ್ನರ ಬಂಗಲೆಗೆ ಹೋಯಿತು.

*

ಮೂರು ವರ್ಷಗಳ ಮೇಲೆ ವಿಪತ್ತು ಬಂದಿತು. ೧೯೦೨ರಲ್ಲಿ ಪಂಜಾಬಿನ ಸರ್ಕಾರ ಬಹು ದೊಡ್ಡ ಪ್ರಮಾಣದಲ್ಲಿ ಸೂಜಿಮದ್ದು ಹಾಕಿಸಲು ನಿಶ್ಚಯಿಸಿ, ಪರೇಲಿನಿಂದ ಹಿಂದೆಂದೂ ಕೇಳದಷ್ಟು ಮದ್ದನ್ನು ಕೇಳಿತು. ಬೇಗ ತಯಾರಿಸುವುದಕ್ಕಾಗಿ ಹಾಫ್‌ಕಿನ್ನರು ವಿಧಾನದಲ್ಲಿ ಒಂದು ಬದಲಾವಣೆ ಮಾಡಿದರು. ಅದುವರೆಗೆ ಮದ್ದಿಗೆ ಸೇರಿಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಕಾಯಿಸಿ ಶುದ್ಧಿಮಾಡುವುದನ್ನೇ ನೆಚ್ಚಿದರು. ಪಾಸ್ಚರ್ ಸಂಸ್ಥೆಯಲ್ಲಿ ಅದು ಒಪ್ಪಿತವಾದ ಕ್ರಮವೇ ಆಗಿತ್ತು.

ಅಕ್ಟೋಬರ್ ೩೦ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ೧೦೭ ಮಂದಿಗೆ ಮದ್ದು ಹಾಕಿದರು. ಅಂದು ತೆರೆದ ಸೀಸೆಗಳು ಐದು. ಒಂದು ವಾರದೊಳಗೆ ಅವರಲ್ಲಿ ಕೆಲವರ ದವಡೆ ಬಿಗಿಯತೊಡಗಿತು, ಬೆನ್ನು ಬಿಲ್ಲಿನಂತೆ ಬಾಗಿತು. ಅದು ಪ್ಲೇಗಲ್ಲ, ಧನುರ್ವಾಯು. ಹತ್ತೊಂಬತ್ತು ಮಂದಿ ಸತ್ತರು. ಆ ಹತ್ತೊಂಬತ್ತು ಮಂದಿಗೂ ಮದ್ದು ಹೋದದ್ದು ಒಂದೇ ಸೀಸೆಯಿಂದ. ಅದರ ಮೇಲಿದ್ದ ಗುರುತು ೫೩-ಎನ್. ಉಳಿದ ನಾಲ್ಕು ಸೀಸೆಗಳ ಮದ್ದು ಹಾಕಿಸಿಕೊಂಡ ೮೮ ಮಂದಿಗೆ ಏನೂ ಆಗಲಿಲ್ಲ.

ಸರ್ಕಾರದ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬಹುದು. ಜನರ ಕೋಪಕ್ಕೆ ಒಂದು ಸಮಾಧಾನ ಬೇಕಾಗಿತ್ತು. ತಪ್ಪು ತನ್ನ ಆಡಳಿತದ್ದಲ್ಲ, ಒಬ್ಬ ವ್ಯಕ್ತಿಯದೆಂದು ತೋರಿದರೆ ಆಡಳಿತದ ಮಾನ ಉಳಿಯುತ್ತಿತ್ತು. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಸರ್ ಲಾರೆನ್ಸ್ ಜೆಂಕಿನ್ಸರ ಅಧ್ಯಕ್ಷತೆಯ ಆಯೋಗ ವಿಚಾರಣೆ ನಡೆಸಿ, ಸೀಸೆ ಮುಲ್ಕೋವಾಲಿನಲ್ಲಿ ತೆರೆಯುವ ಮೊದಲೇ ಕೆಟ್ಟಿತ್ತೆಂದು ತೀರ್ಮಾನಿಸಿತು. ಎಂದರೆ ದೋಷ ಪ್ರಯೋಗಶಾಲೆಯದು, ಕಾರ್ಬಾಲಿಕ್ ಆಮ್ಲ ಬಿಟ್ಟವನದು. ಹಾಫ್‌ಕಿನ್ನರನ್ನು ಕೆಲಸದಿಂದ ದೂರವಿಟ್ಟರು. ೧೯೦೪ರಲ್ಲಿ ಅವರು ದೇಶ ಬಿಟ್ಟು ಹೋದರು. ವಿಚಾರಣೆಯ ಕಾಗದಗಳು ಪ್ರಕಟವಾದುದು ೧೯೦೬ರ ಕೊನೆಯಲ್ಲಿ. ಆವರೆಗೆ ತಮ್ಮ ಮೇಲಿನ ಆರೋಪಕ್ಕೆ ಅವರು ಲೋಕದ ಮುಂದೆ ಉತ್ತರ ಹೇಳುವ ಅವಕಾಶವೇ ಇರಲಿಲ್ಲ. ಫ್ರಾನ್ಸಿನಲ್ಲಿ ಯೆಹೂದಿ ಸೈನ್ಯಾಧಿಕಾರಿ ಡ್ರೇಫಸ್ಸನಿಗೆ ಆದ ಅನ್ಯಾಯ ಆಗ ಎಲ್ಲರ ನೆನಪಿನಲ್ಲಿದ್ದುದರಿಂದ, ಇದನ್ನು ಕಿರಿಯ ಡ್ರೇಫಸ್ ಪ್ರಕರಣವೆಂದು ಕರೆದವರೂ ಉಂಟು.

ಕಾಗದಗಳು ಹೊರಬಿದ್ದ ಮೇಲೆ ಅವುಗಳನ್ನು ಸಾಲುಸಾಲಾಗಿ ಓದಿದವರಲ್ಲಿ ರೊನಾಲ್ಡ್ ರಾಸ್ ಪ್ರಮುಖರು. ಮಲೇರಿಯಾ ಸೊಳ್ಳೆಯಿಂದ ಹರಡುವುದನ್ನು ಸಿಕಂದರಾಬಾದಿನ ಪ್ರಯೋಗಗಳಿಂದ ತೋರಿಸಿ ೧೯೦೨ರಲ್ಲಿ ನೊಬೆಲ್ ಬಹುಮಾನ ಪಡೆದವರು. ಅದಕ್ಕೆ ಮುಂಚೆ, ೧೮೯೫ರಲ್ಲಿ, ಕಾಲರಾ ನಿವಾರಣೆಯ ಕೆಲಸಕ್ಕಾಗಿ ನಮ್ಮ ಬೆಂಗಳೂರಿಗೂ ಬಂದಿದ್ದವರು. ಸರ್ಕಾರದ ಪಾಲಿಗೆ ಅವರು ಬೇಕಾದವರು. ಸುಮ್ಮನಿದ್ದಿದ್ದರೆ ಕಳೆದುಕೊಳ್ಳುವುದೇನೂ ಇರಲಿಲ್ಲ. ಆದರೆ ಸಾಕ್ಷ್ಯದೊಳಗೆ ಅವರ ಕಣ್ಣಿಗೆ ಬಿದ್ದ ಸಂಗತಿಗಳು ಸುಮ್ಮನಿರಗೊಡಲಿಲ್ಲ. ಮುಲ್ಕೋವಾಲಿನಲ್ಲಿ ಆ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸದೆ, ಔಷಧದ ನೀರಿನಲ್ಲಿ ಒಮ್ಮೆ ಅದ್ದಿ ಅದರಿಂದಲೇ ಬಿರಡೆಯನ್ನು ಕಿತ್ತಿದ್ದರು. ಧನುರ್ವಾಯುವಿನ ರೋಗಾಣು ಇರುವುದು ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ. ಮುಂಬಯಿಯಲ್ಲಿ ವಾರಗಟ್ಟಲೆ ಹಿಂದೆಯೇ ಅದು ಸೀಸೆಯೊಳಗೆ ಸೇರಿದ್ದರೆ, ತೆರೆದ ಕೂಡಲೇ ಕೊಳೆತ ನಾತ ಮೂಗಿಗೆ ಹೊಡೆಯಬೇಕಾಗಿತ್ತು. ತೆರೆದ ವೈದ್ಯನಿಗೆ ಅಂಥ ವಾಸನೆ ಬಂದಿರಲಿಲ್ಲ. ವಿಷ ಮೊದಲೇ ತುಂಬಿಕೊಂಡಿದ್ದರೆ ಲಕ್ಷಣಗಳು ಬೇಗನೆ ತೋರಬೇಕಾಗಿತ್ತು. ಸುಮಾರು ಒಂದು ವಾರ ಹಿಡಿದಿತ್ತು.

ಒಂದು ಬಿರಡೆ, ಒಂದು ಚಿಮಟ, ಬಾರದೆ ಇದ್ದ ಒಂದು ವಾಸನೆ: ಇವುಗಳ ಮೇಲೆ ಒಬ್ಬ ಮನುಷ್ಯನ ಮಾನ, ಒಂದು ಮದ್ದಿನ ಮಾನ ಎರಡೂ ನಿಂತಿದ್ದವು. ರಾಸರು ಈ ವಾದವನ್ನು ವಿದ್ವಾಂಸರ ನಿಯತಕಾಲಿಕಗಳಲ್ಲಿ ಹೂತಿಡದೆ ದಿನಪತ್ರಿಕೆಯ ಓದುಗರ ಮುಂದಿಟ್ಟರು. ೧೯೦೭ರ ಜುಲೈಯಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆಯಲ್ಲಿ ಹತ್ತು ಮಂದಿ ವಿಜ್ಞಾನಿಗಳ ಸಹಿಯಿದ್ದ ಪತ್ರ ಪ್ರಕಟವಾಯಿತು. ದೋಷ ಪ್ರಯೋಗಶಾಲೆಯದೆಂದು ಸಾಕ್ಷ್ಯ ಸಾಧಿಸುವುದಿಲ್ಲ, ಅದು ಹಳ್ಳಿಯಲ್ಲಿಯೇ ಒದಗಿತೆಂಬುದಕ್ಕೆ ಬಲವಾದ ಆಧಾರವಿದೆ ಎಂಬುದು ಅದರ ಸಾರಾಂಶ. ಆ ವರ್ಷದ ಕೊನೆಯ ಹೊತ್ತಿಗೆ ಸರ್ಕಾರ ಹಾಫ್‌ಕಿನ್ನರನ್ನು ಮರಳಿ ಕರೆಯಿತು. ಅವರು ಬಂದರು, ಆದರೆ ಪರೇಲಿಗಲ್ಲ, ಕಲ್ಕತ್ತೆಯ ಒಂದು ಸಣ್ಣ ಪ್ರಯೋಗಶಾಲೆಗೆ. ಮನುಷ್ಯರ ಮೇಲೆ ಹೊಸ ಲಸಿಕೆಗಳ ಪರೀಕ್ಷೆ ನಡೆಸುವ ಸ್ವಾತಂತ್ರ್ಯ ಅವರಿಗೆ ಮತ್ತೆ ದೊರೆಯಲಿಲ್ಲ. ಕೆಲವು ವರ್ಷಗಳ ಮೇಲೆ ನಿವೃತ್ತರಾಗಿ ಯುರೋಪಿಗೆ ಹೋದವರು ೧೯೩೦ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ ತೀರಿಕೊಂಡರು. ಪರೇಲಿನ ಪ್ರಯೋಗಶಾಲೆಗೆ ೧೯೨೫ರಲ್ಲಿ ಅವರ ಹೆಸರನ್ನೇ ಇಟ್ಟರು. ೧೮೯೭ರಿಂದ ಆ ವರ್ಷದವರೆಗೆ ಮುಂಬಯಿಯಿಂದ ಹೊರಹೋದ ಪ್ಲೇಗ್ ಮದ್ದಿನ ಪ್ರಮಾಣ ಸುಮಾರು ೨ ಕೋಟಿ ೬೦ ಲಕ್ಷ ಸೂಜಿಗಳಷ್ಟೆಂದು ಲೆಕ್ಕವಿದೆ. ಅವುಗಳಲ್ಲಿ ಒಂದು ನನ್ನ ಅಜ್ಜಿಯ ತೋಳಿಗೆ ಬಂದದ್ದು.

*

ಈ ಕಥೆಯಲ್ಲಿ ಸಂಶೋಧಕರ ಪಾತ್ರವೇನು? ಹಾಫ್‌ಕಿನ್ನರು ಸೇವೆಯಲ್ಲಿದ್ದುದು ಸರ್ಕಾರದ ಕೈಕೆಳಗೆ. ರಾಸರು ಸರ್ಕಾರವನ್ನು ಎದುರಿಸಿ ಬರೆದರು. ಆದರೆ ಇವರಲ್ಲಿ ಯಾರೊಬ್ಬರೂ ಯಾವ ಪಕ್ಷದ ಪರವಾಗಿಯೂ ಲೆಕ್ಕವನ್ನು ತಿದ್ದಲಿಲ್ಲ. ಸೆರೆಮನೆಯ ಪರೀಕ್ಷೆಯಲ್ಲಿ ಮದ್ದು ಹಾಕಿಸಿಕೊಂಡೂ ಕಾಯಿಲೆ ಬಿದ್ದ ಇಬ್ಬರನ್ನು ಹಾಫ್‌ಕಿನ್ನರು ಮರೆಮಾಚಲಿಲ್ಲ. ರಾಸರು ಮಿತ್ರನ ಸದ್ಗುಣಗಳನ್ನು ಹಾಡಿ ಹೊಗಳುವ ಬದಲು ಚಿಮಟದ ಮಾತಾಡಿದರು. ರಾಜಕೀಯದ ಕದನದಲ್ಲಿ ಎಲ್ಲರೂ 'ಯಾರ ಕಡೆ?' ಎಂದು ಕೇಳುತ್ತಿರುವಾಗ, 'ಏನು ನಡೆಯಿತು?' ಎಂದು ಕೇಳಿ ಅದಕ್ಕೆ ಬಂದ ಉತ್ತರವನ್ನು ಬೀದಿಯಲ್ಲಿ ನಿಂತು ಹೇಳುವುದೇ ಸಂಶೋಧಕನ ಪಾಲಿನ ಕೆಲಸ. ಪ್ರಯೋಗಶಾಲೆಯ ಒಳಗೆ ಕುಳಿತು ಸತ್ಯವನ್ನು ಬಲ್ಲವನು ಹೊರಗೆ ಮೌನವಾಗಿದ್ದರೆ, ಆ ಮೌನವೂ ಒಂದು ಪಕ್ಷದ ಕೈಗೆ ಸಿಕ್ಕುವ ಆಯುಧವೇ.

ಇಷ್ಟು ಹೇಳಿ ಮುಗಿಸಿದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಮುಲ್ಕೋವಾಲಿನ ಕಥೆಯನ್ನು ಹೇಳುವವರೆಲ್ಲ ಹಾಫ್‌ಕಿನ್ನರ ಹೆಸರನ್ನು ಹೇಳುತ್ತಾರೆ, ರಾಸರ ಹೆಸರನ್ನು ಹೇಳುತ್ತಾರೆ. ಸತ್ತವರನ್ನು ಮಾತ್ರ ಹತ್ತೊಂಬತ್ತು ಎಂಬ ಅಂಕೆಯಿಂದ ಕರೆಯುತ್ತಾರೆ. ದೋಷ ಪರೇಲಿನಲ್ಲಿ ಆಗಿರಲಿ, ಹಳ್ಳಿಯ ನೆಲದ ಮೇಲೆ ಆಗಿರಲಿ, ತೋಳು ನೀಡಿದ ರೈತನಿಗೆ ಆ ಭೇದದಿಂದ ಆದ ಲಾಭವೇನು? ಸಂಶೋಧಕನಿಗೆ ನ್ಯಾಯ ದೊರಕಿದ ಪ್ರಮಾಣದಲ್ಲಿ ಆ ಮನೆಗಳಿಗೂ ದೊರೆಯಿತೆಂದು ನಾನು ಹೇಳಲಾರೆ.

೨೦೨೦ರಲ್ಲಿ ಮತ್ತೊಂದು ಮಾರಿ ಬಂದಾಗ, ಅದೇ ೧೮೯೭ರ ಕಾಯಿದೆಯನ್ನು ನಮ್ಮ ಸರ್ಕಾರಗಳು ಮತ್ತೆ ಕೈಗೆತ್ತಿಕೊಂಡವು. ಮರುವರ್ಷ ಲಸಿಕೆ ಬಂದಿತು. ಅದರ ಹಿಂದೆಯೇ ಹೊಗಳಿಕೆ, ತೆಗಳಿಕೆ, ಪಕ್ಷಗಳ ವಾಗ್ವಾದ ಎಲ್ಲವೂ ಬಂದವು. ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಸ್ವತಃ ಶಾಲೆಯಲ್ಲಿ ಪಾಠ ಹೇಳುವಾಕೆ, ಫೋನು ಮಾಡಿ, "ಸಾರ್, ಹಾಕಿಸಿಕೊಳ್ಳಲೋ ಬೇಡವೋ? ಊರವರು ನನ್ನನ್ನು ಕೇಳುತ್ತಿದ್ದಾರೆ. ನಾನು ಹೇಳಿ, ನಾಳೆ ಯಾರಿಗಾದರೂ ಏನಾದರೂ ಆದರೆ?" ಎಂದು ಕೇಳಿದಳು. ನಾನು ಹಾಕಿಸಿಕೊಂಡಿದ್ದೇನೆ ಎಂದೆ. ಹಾಕಿಸಿಕೊಂಡವರನ್ನು ವೈದ್ಯರು ಎಣಿಸುತ್ತಿದ್ದಾರೆ, ಕೇಡಾದವರನ್ನೂ ಎಣಿಸಬೇಕು, ಎರಡನ್ನೂ ಕೇಳಿ ತಿಳಿದು ಊರವರಿಗೆ ಎರಡನ್ನೂ ಹೇಳಮ್ಮಾ ಎಂದೆ. ಆಮೇಲೆ ಕುಂಬಾರರ ಹುಡುಗನ ಕಥೆಯನ್ನು ಹೇಳಿದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ.

ಆ ಪುಸ್ತಕ ಈಗ ಇಲ್ಲ. ಹಳ್ಳಿಯ ಮನೆಯ ಗೋಡೆ ಒಂದು ಮಳೆಗಾಲದಲ್ಲಿ ಕುಸಿದಾಗ ಇತರ ಕಾಗದಗಳೊಡನೆ ಅದೂ ನೆನೆದು ಹೋಯಿತು. ಆದರೆ ಆ ಪುಟ ನನ್ನ ಕಣ್ಣಿಗೆ ಕಟ್ಟಿದಂತಿದೆ. ಎಡಗಡೆಯಲ್ಲಿ ಹುಡುಗನ ಹೆಸರು. ಅದರ ಮುಂದೆ 'ಹಾಕಿಸಿದೆ' ಎಂದಿತ್ತು. ಬೇರೆ ಎಲ್ಲರ ಹೆಸರಿನ ಮುಂದೆಯೂ 'ಹಾಕಿಸಿಕೊಂಡರು' ಎಂದೇ ಬರೆದಿದ್ದ ಮೇಷ್ಟ್ರು, ಆ ಒಂದು ಸಾಲಿನಲ್ಲಿ ಮಾತ್ರ ಕ್ರಿಯಾಪದವನ್ನು ತಮ್ಮ ಮೇಲೆ ಹಾಕಿಕೊಂಡಿದ್ದರು.